ಚಿರತೆಯ ಪಾಲು

ಕೋಕ್-ಜೇಕ್
೧೮ ಸೆಪ್ಟೆಂಬರ್ ೧೯೯೫

ಅಕ್ಕನಿಗೆ ತಮ್ಮ ಕೆರ್ಮೆಬೆಕ್ ಮಾಡುವ ಸಲಾಮು. ಭಾವನಿಗೂ ತಿಳಿಸು.

ನೀವು ಬೇಸಿಗೆಯ ಹುಲ್ಲುಗಾವಲಿನಿಂದ ಊರಿಗೆ ಇಳಿದಿದ್ದೀರಿ ಎಂದು ಲಾರಿಯ ಬೇಯ್ಶೆನಾಲಿ ಹೇಳಿದ. ಬಹಳ ಕಾಲದಿಂದ ಬರೆದಿಲ್ಲ, ಬೈಯುವುದಿದ್ದರೆ ಕಾಗದದಲ್ಲೇ ಬೈ. ಬೇಯ್ಶೆನಾಲಿಯ ಬಾಯಲ್ಲಿ ಹೇಳಿ ಕಳಿಸಬೇಡ. ಕಣಿವೆ ದಾಟಿ ಸರೋವರ ಮುಟ್ಟುವಷ್ಟರಲ್ಲಿ ಅವನು ಒಂದು ಬೈಗುಳಕ್ಕೆ ಹತ್ತು ಸೇರಿಸಿರುತ್ತಾನೆ.

ಈಗ ಬರೆಯುತ್ತಿರುವುದೂ ಬೇಡುವುದಕ್ಕೇ. ನಮ್ಮ ಪ್ರಾಣಿವನದ ಸ್ಥಿತಿ ಚೆನ್ನಾಗಿಲ್ಲ. ಮೊದಲು ಸರ್ಕಾರಿ ಫಾರಂಗಳಿಂದ ಮುದಿ ಕುದುರೆ, ಕುಂಟು ಹಸು ಬರುತ್ತಿದ್ದವು. ಹಳೆಯ ಸರ್ಕಾರ ಬಿದ್ದ ಮೇಲೆ ಫಾರಂಗಳೇ ಇಲ್ಲ. ಎಲ್ಲರೂ ತಮ್ಮ ತಮ್ಮ ಪಾಲು ಹೊಡೆದುಕೊಂಡು ಮನೆಗೆ ಹೋದರು. ಜಿಂಕೆಗಳು ಒಂದೊಂದಾಗಿ ಕಾಣೆಯಾದವು. ಬೇಲಿ ಹಾರಿ ಹೋದವೆಂದು ನಿರ್ದೇಶಕರು ಬರೆದಿಟ್ಟಿದ್ದಾರೆ. ಅವರ ಓಣಿಯ ತುಂಬ ಬೇಲಿ ಹಾರಿದ ಜಿಂಕೆಯ ಸಾರಿನ ವಾಸನೆ.

ಉಳಿದಿರುವುದು ಕುರುಡು ಹದ್ದು, ಒಂದೆರಡು ಕಾಡುಮೇಕೆ, ಮತ್ತೆ ನನ್ನ ಚಿರತೆ ಕುಮುಶ್. ನೀನು ನಮ್ಮ ಮನೆಗೆ ಬಂದಿದ್ದ ವರ್ಷ ಅವಳಿನ್ನೂ ಬೆಕ್ಕಿನಷ್ಟಿದ್ದಳು. ಬುರುಲ್ಚಾಳ ಉಣ್ಣೆ ಶಾಲಿನಲ್ಲಿ ಮಲಗಿ ಬಾಟಲಿಯಲ್ಲಿ ಹಾಲು ಕುಡಿಯುತ್ತಿದ್ದಳು, ನಿನ್ನ ಬೂಟು ಎಳೆದುಕೊಂಡು ಹೋಗಿ ಒಲೆಯ ಹಿಂದೆ ಬಚ್ಚಿಟ್ಟಿದ್ದಳು. ಈಗ ಮುದುಕಿಯಾಗಿದ್ದಾಳೆ. ನಾನು ಬರಿಗೈಯಲ್ಲಿ ಹೋದರೂ ಎದ್ದು ಬಂದು ಕಂಬಿಗೆ ಕೆನ್ನೆ ಒತ್ತುತ್ತಾಳೆ. ಸಿಟ್ಟು ಮಾಡಿಕೊಂಡು ಗುರ್ ಎಂದಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಿಮ್ಮಲ್ಲಿ ಕುರಿ ಜಾರಿ ಬಿದ್ದು ಸತ್ತರೆ, ತೋಳ ಹರಿದು ಬಿಟ್ಟು ಹೋದರೆ, ಬಿಸ್ಮಿಲ್ಲಾ ಹೇಳಿ ಕೊಯ್ಯದ್ದನ್ನು ನೀವು ತಿನ್ನುವುದಿಲ್ಲವಲ್ಲ. ಎಸೆಯಬೇಡಿ. ಬೇಯ್ಶೆನಾಲಿಯ ಲಾರಿಗೆ ಹಾಕಿ ಕಳಿಸಿ. ಚಿರತೆಗೆ ಹಲಾಲು ಹರಾಮು ಇಲ್ಲ.

ಗಂಡಹೆಂಡತಿ ನಾವಿಬ್ಬರೂ ಚೆನ್ನಾಗಿದ್ದೇವೆ.

ನಿನ್ನ ಕೆರ್ಮೆಬೆಕ್


ಉಚ್-ಬುಲಾಕ್
೨ ಅಕ್ಟೋಬರ್ ೧೯೯೫

ತಮ್ಮಾ ಕೆರ್ಮೆಬೆಕ್,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಟೀ ಬಟ್ಟಲು ಕೆಳಗಿಟ್ಟು, “ಇನ್ನೊಂದ್ಸಲ ಓದು” ಎಂದರು. ಓದಿದೆ.

“ಬೆಟ್ಟದ ಚಿರತೆ ಈ ಬೇಸಿಗೇಲಿ ತಾನೇ ಬಂದು ನಮ್ಮ ಮರಿಗಳನ್ನ ತಿಂದ್ಕೊಂಡು ಹೋಯ್ತು. ನಿನ್ನ ತಮ್ಮನ ಚಿರತೆಗೆ ನಾವು ಲಾರೀಲಿ ಕಳಿಸ್ಬೇಕಾ? ಅದೇನು ಚಿರತೆಗಳ ಮಂತ್ರೀನಾ?”

ನನಗೂ ಸಿಟ್ಟು ಬಂದಿತ್ತು. ಈ ಬೇಸಿಗೆ ನಾವು ಎಷ್ಟು ಮರಿ ಕಳೆದುಕೊಂಡೆವು ಎಂದು ನೀನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ, ಅದು ಬೇರೆ ಮಾತು. ಹಾಳು ಕುಮುಶ್ ನನ್ನ ಬೂಟನ್ನು ಹಿಂದಕ್ಕೆ ಕೊಟ್ಟಾಗ ಅದರಲ್ಲಿ ಹಿಮ್ಮಡಿಯೇ ಇರಲಿಲ್ಲ, ಅದೂ ನೆನಪಿದೆ.

ಆದರೂ ಕಳಿಸುತ್ತಿದ್ದೇನೆ. ಮೊನ್ನೆ ಒಂದು ಟಗರು ಕಮರಿಗೆ ಬಿತ್ತು. ನಿನ್ನ ಭಾವ ಕುಂಟುತ್ತಾ ಇಳಿದು ಹೋಗುವಷ್ಟರಲ್ಲಿ ಜೀವ ಹೋಗಿತ್ತು, ಕತ್ತಿಗೆ ಸಿಗಲಿಲ್ಲ. ಗೋಣಿಯಲ್ಲಿ ಕಟ್ಟಿದ್ದೇನೆ. ಅದು ಚಿರತೆಯ ಪಾಲು, ನೀವು ಮುಟ್ಟಬೇಡಿ. ನಿಮಗೆಂದು ಬೇರೆ ಬಟ್ಟೆಯಲ್ಲಿ ಒಣಮೊಸರಿನ ಉಂಡೆ ಇಟ್ಟಿದ್ದೇನೆ. ಬುರುಲ್ಚಾಗೆ ಉಪ್ಪು ಜಾಸ್ತಿ ಇರುವುದು ಇಷ್ಟ, ಹಾಗೇ ಮಾಡಿದ್ದೇನೆ.

ನಿನ್ನ ಅಕ್ಕ ಸೈರಾಕಾನ್


ಕೋಕ್-ಜೇಕ್
೨೪ ಅಕ್ಟೋಬರ್ ೧೯೯೫

ಅಕ್ಕಾ,

ಟಗರು ಬಂತು. ನಾನು ಗೋಣಿ ಹೊತ್ತು ಗೇಟು ದಾಟುತ್ತಿದ್ದಂತೆ ಅವಳಿಗೆ ವಾಸನೆ ಸಿಕ್ಕಿತು. ಪಂಜರದೊಳಗೆ ಅತ್ತಿಂದಿತ್ತ ನಡೆದಳು, ಬಾಲವನ್ನು ಹಗ್ಗದಂತೆ ಎತ್ತಿಕೊಂಡು. ಮೊದಲ ತುಂಡು ಹಾಕಿದಾಗ ತಕ್ಷಣ ತಿನ್ನಲಿಲ್ಲ. ಅದರ ಮೇಲೆ ಎರಡೂ ಮುಂಗಾಲಿಟ್ಟು ನನ್ನ ಮುಖ ನೋಡಿದಳು. ‘ನಿಜವಾಗಿ ನನಗೇನಾ?’ ಎಂದು ಕೇಳುವಂತಿತ್ತು. ನಾನು ತಿರುಗಿ ನಿಂತೆ, ಆಮೇಲೆ ತಿಂದಳು. ನಾವು ನೋಡುತ್ತಿದ್ದರೆ ಅವಳು ಸಂಕೋಚ ಪಡುತ್ತಾಳೆ, ಹೊಸ ಸೊಸೆಯ ಹಾಗೆ. ತಿಂದಾದ ಮೇಲೆ ಬಾಲವನ್ನು ಮೂಗಿನ ಮೇಲೆ ಸುತ್ತಿಕೊಂಡು ಮಧ್ಯಾಹ್ನವೆಲ್ಲ ಮಲಗಿದ್ದಳು. ಹೊಟ್ಟೆ ಏರಿ ಇಳಿಯುವುದನ್ನು ನೋಡುತ್ತಾ ನಾನೂ ಪಕ್ಕದ ಬೆಂಚಿನ ಮೇಲೆ ನಿದ್ದೆ ಹೋದೆ. ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ.

ಭಾವನ ಮರಿಗಳ ಸಂಗತಿ ಕೇಳಿ ನಾಚಿಕೆಯಾಯಿತು. ಬೆಟ್ಟದ ಚಿರತೆಯ ಪರವಾಗಿ ಕ್ಷಮೆ ಕೇಳಲು ನಾನು ಯಾರು? ಆದರೂ ಕೇಳುತ್ತೇನೆ.

ಸಂಬಳದ ಬದಲಿಗೆ ಈ ಸಲ ಬೆಂಕಿಪೊಟ್ಟಣ ಕೊಟ್ಟರು. ಪೆಟ್ಟಿಗೆ ತುಂಬ ಇದೆ. ನಿಮಗೆ ಬೇಕಾದರೆ ಬೇಯ್ಶೆನಾಲಿಯ ಕೈಲಿ ಕಳಿಸುತ್ತೇನೆ. ಹಚ್ಚುವುದಕ್ಕೆ ನಮ್ಮಲ್ಲಿ ಸೌದೆಯಿಲ್ಲ. ತಮಾಷೆಗೆ ಹೇಳಿದೆ.

ಕೆರ್ಮೆಬೆಕ್


ಉಚ್-ಬುಲಾಕ್
೧೨ ನವೆಂಬರ್ ೧೯೯೫

ತಮ್ಮಾ,

ನೀನು ಬರೆದದ್ದನ್ನು ನಿನ್ನ ಭಾವನಿಗೆ ಓದುತ್ತಾ ‘ಹೊಸ ಸೊಸೆಯ ಹಾಗೆ’ ಎನ್ನುವಲ್ಲಿಗೆ ಬಂದಾಗ ನಕ್ಕರು. ಆಮೇಲೆ ನಕ್ಕದ್ದಕ್ಕೆ ತಮ್ಮ ಮೇಲೆ ತಾವೇ ಸಿಟ್ಟು ಮಾಡಿಕೊಂಡು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಕುರಿಯ ಶ್ವಾಸಕೋಶ, ಎರಡು ತಲೆ ತಂದು ಬಾಗಿಲಲ್ಲಿ ಇಟ್ಟು, “ಆ ಮಂತ್ರಿಗೆ ಕಳ್ಸು” ಎಂದರು.

ಇಲ್ಲಿ ಚಳಿ ಬೇಗ ಬಂತು. ನಮ್ಮ ಬೋಯ್ನೋಕ್ ನಾಯಿಗೆ ಹಲ್ಲೇ ಉಳಿದಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕಿವುಚಿ ಕೊಡುತ್ತೇನೆ. ತೋಳ ಊಳಿಟ್ಟರೆ ಈಗಲೂ ಎದ್ದು ನಿಲ್ಲುತ್ತದೆ, ಬೊಗಳುತ್ತದೆ, ಆದರೆ ಹಿಂಗಾಲುಗಳು ನಡುಗುತ್ತವೆ. ಪಕ್ಕದ ಮನೆಯವರು ಗುಂಡು ಹೊಡೆದು ಪುಣ್ಯ ಕಟ್ಟಿಕೊಳ್ಳಿ ಎನ್ನುತ್ತಾರೆ. ನಿನ್ನ ಭಾವನೂ ಕುಂಟುತ್ತಾರೆ, ನನ್ನ ಸೊಂಟವೂ ಹಿಡಿದಿದೆ. ಹಾಗೆ ಶುರು ಮಾಡಿದರೆ ಈ ಅಂಗಳದಲ್ಲಿ ಯಾರೂ ಉಳಿಯುವುದಿಲ್ಲ ಎಂದೆ.

ಒಂದು ಮಾತು. ನೀನು ಪ್ರತಿ ಕಾಗದದಲ್ಲೂ ಚಿರತೆಯ ಬಾಲದ ತುದಿಯವರೆಗೂ ಬರೆಯುತ್ತೀಯ. ಕಟ್ಟಿಕೊಂಡ ಹೆಂಡತಿ ಬುರುಲ್ಚಾಳ ಬಗ್ಗೆ ಒಂದು ಸಾಲಿಲ್ಲ. ಆರೋಗ್ಯಧಾಮದ ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಜಾಸ್ತಿಯೇ? ಒಂದು ಗೀಚು ಬರೆಯಲು ಹೇಳು. ನನ್ನ ಮೇಲೆ ಏನಾದರೂ ಬೇಸರವಿದೆಯೇ?

ಸೈರಾಕಾನ್


ಕೋಕ್-ಜೇಕ್
೩ ಡಿಸೆಂಬರ್ ೧೯೯೫

ಅಕ್ಕಾ,

ಕಳಿಸಿದ್ದು ತಲುಪಿತು. ಕುಮುಶ್ ಚೆನ್ನಾಗಿದ್ದಾಳೆ. ಚೆನ್ನಾಗಿ ತಿನ್ನುತ್ತಾಳೆ.

ಬುರುಲ್ಚಾಗೆ ಬೇಸರವೇನಿಲ್ಲ. ಆರೋಗ್ಯಧಾಮ ಚಳಿಗಾಲಕ್ಕೆ ಮುಚ್ಚಿದೆ, ಮನೆಯಲ್ಲೇ ಇದ್ದಾಳೆ. ನಿನಗೆ ಸಲಾಮು ಹೇಳಿದಳು.

ಸಾಧ್ಯವಾದರೆ ಇನ್ನೂ ಸ್ವಲ್ಪ ಕಳಿಸು. ಒಂದು ಸಣ್ಣ ವಿಷಯ. ಯಾವುದು ಕೊಯ್ದದ್ದು, ಯಾವುದು ತಾನಾಗಿ ಸತ್ತದ್ದು ಎಂದು ಚೀಟಿ ಬರೆದು ಕಟ್ಟಿದರೆ ಒಳ್ಳೆಯದು. ಸತ್ತು ಎಷ್ಟು ಹೊತ್ತಾಗಿತ್ತು ಎಂದೂ. ಮುದಿ ಪ್ರಾಣಿ, ಹೊಟ್ಟೆ ಸೂಕ್ಷ್ಮವಾಗಿದೆ. ಬೇರೆ ಕಾರಣವಿಲ್ಲ.

ಇಲ್ಲಿ ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ಕರೆಂಟು ಇರುತ್ತದೆ. ಈಗ ಹೋಗುವ ಹೊತ್ತಾಯಿತು, ನಿಲ್ಲಿಸುತ್ತೇನೆ.

ಕೆರ್ಮೆಬೆಕ್


ಉಚ್-ಬುಲಾಕ್
೨೦ ಡಿಸೆಂಬರ್ ೧೯೯೫

ತಮ್ಮಾ,

ನಿನ್ನ ಚಿರತೆ ಯಾವಾಗಿನಿಂದ ನಮಾಜು ಶುರು ಮಾಡಿತು? ಕೊಯ್ದದ್ದೇ ಬೇಕಂತೆ, ಚೀಟಿ ಬೇಕಂತೆ! ನಿನ್ನ ಭಾವನಿಗೆ ಓದಿ ಹೇಳಿದೆ. “ಮುಂದಿನ ಕಾಗ್ದದಲ್ಲಿ ಮೆಕ್ಕಾಕ್ಕೆ ಹೋಗಕ್ಕೆ ಲಾರಿ ಕೇಳುತ್ತೆ ನೋಡು” ಎಂದರು. ಬೇಯ್ಶೆನಾಲಿ ಇಲ್ಲೇ ಟೀ ಕುಡಿಯುತ್ತಿದ್ದ, ನಕ್ಕು ನಕ್ಕು ಟೀ ಚೆಲ್ಲಿಕೊಂಡ. ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ಎಲ್ಲರೂ ಅದನ್ನು ಹಾಜಿ ಚಿರತೆ ಎನ್ನುತ್ತಿದ್ದಾರೆ.

ಈ ಸಲ ಕಳಿಸುತ್ತಿರುವುದು ಕುರಿ. ಹೊಟ್ಟೆಯುಬ್ಬರದಿಂದ ಸತ್ತಿತು. ಬೆಳಿಗ್ಗೆ ನೋಡಿದಾಗ ಸೆಟೆದುಕೊಂಡು ಬಿದ್ದಿತ್ತು. ಸ್ವಲ್ಪ ವಾಸನೆ ಇದೆ. ನಾಯಿಗೂ ಹಾಕಬೇಡ ಎಂದರು ನಿನ್ನ ಭಾವ, ಆದರೆ ನಿಮ್ಮಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತು, ಕಾಡುಪ್ರಾಣಿಯ ಹೊಟ್ಟೆ ಕಲ್ಲನ್ನೂ ಅರಗಿಸುತ್ತದೆ. ಇದೇ ಚೀಟಿ ಎಂದುಕೋ.

ಮೊದಲಿನಂತೆ ನೀನು ಬರೆಯುತ್ತಿಲ್ಲ. ಅವಳು ಹೇಗೆ ತಿಂದಳು, ಎಲ್ಲಿ ಮಲಗಿದಳು ಎಂದು ಕಾಯುತ್ತಿರುತ್ತೇವೆ. ನಿನ್ನ ಭಾವ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಲಾರಿಯ ಸದ್ದಾದರೆ ಒಲೆಯ ಹತ್ತಿರ ಜಾಗ ಹಿಡಿದು ಕೂರುತ್ತಾರೆ. ‘ಚೆನ್ನಾಗಿದ್ದಾಳೆ’ ಎಂದು ಓದಿ ಮುಗಿಸಿದಾಗ, “ಅಷ್ಟೇನಾ?” ಎಂದರು. ನನ್ನ ಮಾತಿಗೆ ನೊಂದುಕೊಂಡಿದ್ದೀಯ ಎಂದು ಕಾಣುತ್ತದೆ. ನಾನು ಮರಿಗಳ ಬಗ್ಗೆ ಅಷ್ಟು ಬರೆಯಬಾರದಿತ್ತು.

ಸೈರಾಕಾನ್


ಕೋಕ್-ಜೇಕ್
೯ ಜನವರಿ ೧೯೯೬

ಅಕ್ಕಾ,

ತಡವಾಯಿತು. ಬುರುಲ್ಚಾ ಮಲಗಿದ್ದಳು. ವಾಂತಿ, ಹೊಟ್ಟೆನೋವು, ಜ್ವರ. ನನಗೂ ಸ್ವಲ್ಪ ಇತ್ತು, ಚಳಿಗಾಲ ನೋಡು. ಈಗ ಅವಳು ಗೋಡೆ ಹಿಡಿದುಕೊಂಡು ನಡೆಯುತ್ತಾಳೆ. ಆಸ್ಪತ್ರೆಯಲ್ಲಿ ಔಷಧಿ ನಾವೇ ತರಬೇಕು ಎಂದರು, ಆದ್ದರಿಂದ ಮನೆಯಲ್ಲೇ ಇಟ್ಟುಕೊಂಡೆ. ಭಯಪಡುವಂಥದ್ದೇನಿಲ್ಲ.

ಕುಮುಶ್‌ಗೂ ಹೊಟ್ಟೆ ಸರಿ ಇರಲಿಲ್ಲ. ಈಗ ಸರಿಹೋಗಿದೆ. ವಾಸನೆ ಬಂದದ್ದನ್ನು ಇನ್ನು ಕಳಿಸಬೇಡ. ತಲೆ, ಶ್ವಾಸಕೋಶವಾದರೂ ಸಾಕು.

ಹಾಜಿ ಚಿರತೆಯ ಮಾತು ಬುರುಲ್ಚಾಗೂ ಓದಿ ಹೇಳಿದೆ.

ಭಾವನಿಗೆ ಹೇಳು, ಕುಮುಶ್ ಮೊನ್ನೆ ಹಿಮ ಬಿದ್ದಾಗ ಮರದ ಹಲಗೆಯ ಮೇಲೆ ಕೂತು ಬಹಳ ಹೊತ್ತು ಬೆಟ್ಟದ ಕಡೆ ನೋಡುತ್ತಿದ್ದಳು.

ಕೆರ್ಮೆಬೆಕ್


ಉಚ್-ಬುಲಾಕ್
೨೧ ಜನವರಿ ೧೯೯೬

ತಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓದಲು ಬಾರದಿದ್ದರೆ ಬೇಯ್ಶೆನಾಲಿಯನ್ನೇ ಕೇಳು. ನಮ್ಮ ಕುರಿದೊಡ್ಡಿಯಲ್ಲಿ ಚಿರತೆ ಸಿಕ್ಕಿಬಿದ್ದಿದೆ.

ನಿನ್ನೆ ಬೆಳಗಾಗುತ್ತಲೇ ಹಸುವಿನ ಹಾಲು ಕರೆಯಲು ಹೊರಟೆ. ಬೋಯ್ನೋಕ್ ದೊಡ್ಡಿಯ ಬಾಗಿಲಿಗೆ ಬೆನ್ನು ಕೊಟ್ಟು ಉಚ್ಚೆ ಹೊಯ್ದುಕೊಂಡು ಕೂತಿತ್ತು. ಒಳಗೆ ಒಂದು ಸದ್ದಿಲ್ಲ. ಬಾಗಿಲು ತೆರೆದರೆ ಉಳಿದ ಕುರಿಗಳೆಲ್ಲ ಒಂದು ಮೂಲೆಗೆ ಒತ್ತಿಕೊಂಡಿವೆ, ಸತ್ತವು ನೆಲದ ತುಂಬ ಬಿದ್ದಿವೆ. ಎದುರು ಗೋಡೆಯ ಹತ್ತಿರ ಅದು ಕೂತಿದೆ. ಚಾವಣಿಯ ಗಾಳಿಕಿಂಡಿಯಿಂದ ಇಳಿದಿರಬೇಕು, ಮೇಲೆ ಹತ್ತಲು ಆಗಿಲ್ಲ. ಎಳೆಯ ಗಂಡು. ನನ್ನನ್ನು ನೋಡಿತು. ನಾನೂ ನೋಡಿದೆ. ಸತ್ಯ ಹೇಳುತ್ತೇನೆ, ಆಗ ನನಗೆ ಹೆದರಿಕೆಯಾಗಲಿಲ್ಲ. ಇಷ್ಟೊಂದನ್ನು ನಾನು ಹೇಗೆ ಹೂಳಲಿ, ಈ ಹೆಪ್ಪುಗಟ್ಟಿದ ನೆಲದಲ್ಲಿ, ಎಂದು ಯೋಚನೆ ಬಂತು.

ನಿನ್ನ ಭಾವ ಬಂದು, ಜೀವವಿದ್ದ ಕುರಿಗಳನ್ನು ಹೊರಗೆ ಅಟ್ಟಿ, ಉಸಿರಾಡುತ್ತಿದ್ದ ಎರಡನ್ನು ಅಲ್ಲೇ ಕೊಯ್ದು, ಬಾಗಿಲ ಬಳಿ ಸತ್ತು ಬಿದ್ದಿದ್ದನ್ನು ಹೊರಗೆ ಎಳೆದು, ಬಾಗಿಲಿಗೆ ಅಗುಳಿ ಹಾಕಿದರು. ಅಷ್ಟು ಹೊತ್ತೂ ಅದು ಅಲುಗಲಿಲ್ಲ. ಮಧ್ಯಾಹ್ನದೊಳಗೆ ಊರೆಲ್ಲ ಅಂಗಳದಲ್ಲಿತ್ತು. ಪಕ್ಕದ ಮನೆಯ ಚೊಯ್ಬೆಕ್ ಬಂದೂಕು ತಂದಿದ್ದ.

“ಸೈರಾಕಾನ್ ಅಕ್ಕಾ, ಸರೀರಿ. ಇವತ್ತು ನಿಮ್ಮ ದೊಡ್ಡಿ, ನಾಳೆ ನಮ್ಮದು.”

“ಹೊಡೆದ್ರೆ ನನ್ನ ಕುರಿ ಎದ್ದು ಬರ್ತಾವಾ?”

“ಚರ್ಮಕ್ಕೆ ಕಾರು ಹಾಕ್ಕೊಂಡು ಬರೋವ್ರಿದಾರೆ ಅಕ್ಕಾ. ಆಗ್ಲೇ ಹೇಳಿ ಕಳಿಸಿದೀವಿ. ತೂತು ಬೀಳದ ಹಾಗೆ ಕಿವಿ ಹಿಂದೆ ಹೊಡೀತೀನಿ.”

ಆಗ ನನ್ನ ಬಾಯಲ್ಲಿ ಏಕೆ ಬಂತೋ, “ಇದು ನನ್ನ ತಮ್ಮನ ಪ್ರಾಣಿವನಕ್ಕೆ ಹೋಗುತ್ತೆ, ಅಲ್ಲಿ ಇದಕ್ಕೆ ಹೆಣ್ಣು ನೋಡಿ ಆಗಿದೆ” ಎಂದುಬಿಟ್ಟೆ. ಎಲ್ಲರೂ ನಕ್ಕರು. ನಿನ್ನ ಭಾವ ನಗಲಿಲ್ಲ. ಊರುಗೋಲು ಅಡ್ಡ ಇಟ್ಟುಕೊಂಡು ಬಾಗಿಲ ಮುಂದೆ ಕೂತರು. ತಮ್ಮ ಕುರಿಗಳು ಒಳಗೆ ಸತ್ತು ಬಿದ್ದಿರುವಾಗ ಅವರು ಹಾಗೆ ಕೂತದ್ದು ಯಾಕೆಂದು ನಾನು ಕೇಳಿಲ್ಲ.

ಬೇಯ್ಶೆನಾಲಿ ಕಬ್ಬಿಣದ ಗೂಡು ಹೊಂದಿಸಿಕೊಂಡು ಬರುತ್ತೇನೆಂದಿದ್ದಾನೆ. ನೀನು ಹೂಂ ಎಂದರೆ ಸಾಕು. ನಿನ್ನ ಕುಮುಶ್‌ಗೆ ಮುದಿ ವಯಸ್ಸಿನಲ್ಲಿ ಜೊತೆಯಾಗುತ್ತದೆ. ಈ ಲಾರಿಯಲ್ಲೇ ಸತ್ತ ಕುರಿಗಳಲ್ಲಿ ಒಂದನ್ನು ಅವಳಿಗೆ ಕಳಿಸುತ್ತಿದ್ದೇನೆ. ಗಂಡಿನ ಕಡೆಯ ಉಡುಗೊರೆ ಎಂದುಕೊಳ್ಳಲಿ.

ಬುರುಲ್ಚಾ ಹೇಗಿದ್ದಾಳೆ?

ಸೈರಾಕಾನ್


ಕೋಕ್-ಜೇಕ್
೨೫ ಜನವರಿ ೧೯೯೬

ಅಕ್ಕಾ,

ಕಳಿಸಬೇಡ. ಯಾವ ಕಾರಣಕ್ಕೂ ಕಳಿಸಬೇಡ.

ನಿರ್ದೇಶಕರು ಊರಲ್ಲಿಲ್ಲ. ಅವರ ಒಪ್ಪಿಗೆಯಿಲ್ಲದೆ ಗೇಟು ತೆಗೆಯುವಂತಿಲ್ಲ. ಪಂಜರದ ಕಂಬಿ ತುಕ್ಕು ಹಿಡಿದಿದೆ. ಇನ್ನೊಂದು ಪಂಜರದ ಹಲಗೆಗಳನ್ನು ಯಾರೋ ಒಲೆಗೆ ಒಯ್ದರು. ಬೆಟ್ಟದಲ್ಲಿ ಬೆಳೆದ ಗಂಡನ್ನು ಮುದಿ ಹೆಣ್ಣಿನ ಜೊತೆ ಬಿಡಲಾಗುವುದಿಲ್ಲ. ಡಾಕ್ಟರಿಲ್ಲ.

ಅದನ್ನು ಬಿಟ್ಟುಬಿಡಿ. ಬಾಗಿಲು ತೆರೆದಿಟ್ಟು ಜನ, ನಾಯಿ ಎಲ್ಲರೂ ಒಂದು ಪಕ್ಕಕ್ಕೆ ಸರಿದು ಸುಮ್ಮನೆ ನಿಲ್ಲಿ. ಬೆಟ್ಟದ ಕಡೆ ದಾರಿ ಖಾಲಿ ಇರಲಿ. ಅದು ಯಾರ ಮೇಲೂ ಬೀಳುವುದಿಲ್ಲ, ಹೋಗುತ್ತದೆ. ಈ ಒಂದು ಮಾತು ನಂಬು.

ಬುರುಲ್ಚಾ ಹಾಗೇ ಇದ್ದಾಳೆ.

ಕೆರ್ಮೆಬೆಕ್


ಉಚ್-ಬುಲಾಕ್
೨೭ ಜನವರಿ ೧೯೯೬

ಕೆರ್ಮೆಬೆಕ್,

ನಿನ್ನ ಕಾಗದವನ್ನು ಅಂಗಳದಲ್ಲಿ ಎಲ್ಲರ ಮುಂದೆ ಓದಿದೆ. ಹೂಂ ಎಂದೇ ಬರೆದಿರುತ್ತೀಯ ಎಂದುಕೊಂಡಿದ್ದೆ. ನಾಲ್ಕು ಸಾಲು ಓದಿ ಕಾಗದ ಮಡಿಸಿದೆ.

ಚೊಯ್ಬೆಕ್ ಹೇಳಿದ್ದೇನು ಗೊತ್ತೇ? “ನಮ್ಮ ಮಾಂಸಕ್ಕೆ ಗೇಟು ತೆಗೆಯುತ್ತೆ, ನಮ್ಮ ಚಿರತೆಗೆ ಗೇಟು ತೆಗೆಯಲ್ವಂತೆ. ಒಳ್ಳೇ ತಮ್ಮ ಅಕ್ಕಾ ನಿಮ್ಮೋನು.”

ನಮ್ಮ ಕುರಿಗಳು ಪಡಸಾಲೆಯಲ್ಲಿ ಮಲಗುತ್ತಿವೆ. ಅವುಗಳ ಮೇಲೆ ಕಾಲಿಟ್ಟುಕೊಂಡು ಒಲೆಗೆ ಹೋಗುತ್ತೇನೆ. ದೊಡ್ಡಿಯಲ್ಲಿ ಅದು ಸತ್ತ ಕುರಿಗಳನ್ನು ತಿಂದುಕೊಂಡು ಕೂತಿದೆ, ಬಾಗಿಲಿಗೆ ನಿನ್ನ ಭಾವ ಕಾವಲು. ಅವರಿಗೆ ಕೆಮ್ಮು ಹತ್ತಿದೆ. ಚರ್ಮದವನು ಒಂದು ಸಲ ಬಂದು ಹೋಗಿದ್ದಾನೆ, ಮತ್ತೆ ಬರುತ್ತಾನೆ. ಊರವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಶರತ್ಕಾಲದಿಂದ ನಾನು ನಿನ್ನ ಚಿರತೆಗೆ ಕಳಿಸುತ್ತಲೇ ಇದ್ದೇನೆ. ಒಮ್ಮೆ ನಾನು ಕೇಳಿದರೆ ಕಂಬಿ ತುಕ್ಕು ಹಿಡಿಯಿತೇ?

ಬೇಯ್ಶೆನಾಲಿಗೆ ಹೇಳಿದ್ದೇನೆ. ಈ ಕಾಗದ ಕೊಟ್ಟು, ಅವನೇ ನಿಮ್ಮ ಪ್ರಾಣಿವನದೊಳಗೆ ಹೋಗಿ ಪಂಜರ ನೋಡಿಕೊಂಡು ಬರುತ್ತಾನೆ. ತುಕ್ಕೋ ನೆವವೋ ತಿಳಿಯಲಿ.

ಸೈರಾಕಾನ್


ಉಚ್-ಬುಲಾಕ್
೨ ಫೆಬ್ರವರಿ ೧೯೯೬

ತಮ್ಮಾ,

ಬೇಯ್ಶೆನಾಲಿ ಹೋಗಿ ಬಂದ. ಒಲೆಯ ಹತ್ತಿರ ಕೂತ, ಟೀ ಕೊಟ್ಟೆ. ಅವನ ಬಾಯಿ ನಿನಗೆ ಗೊತ್ತಲ್ಲ, ಸುಮ್ಮನಿದ್ದದ್ದನ್ನು ನಾನು ನೋಡಿರಲಿಲ್ಲ. ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತಾ ಕೂತೇ ಇದ್ದ. ಕೊನೆಗೆ ನಿನ್ನ ಭಾವನೇ ಕೇಳಿದರು.

“ಪಂಜರ ನೋಡ್ದೇನೋ?”

“ನೋಡ್ದೆ ತೊಲೊಬಾಯ್ ಮಾವ.”

“ಹೆಂಗಿದೆ?”

“ಗುಡಿಸಿಟ್ಟಿದಾರೆ. ಒಳಗೆ ಹಿಮ ಬಿದ್ದಿದೆ. ಹೆಜ್ಜೆ ಗುರುತಿಲ್ಲ.”

ಆಮೇಲೆ ನಿಮ್ಮ ಮನೆಗೂ ಹೋಗಿದ್ದೆ ಎಂದ. ನೀನು ಇರಲಿಲ್ಲವಂತೆ. ಬುರುಲ್ಚಾ ಬಾಗಿಲು ತೆರೆದಳಂತೆ. ಒಲೆಯ ಮೇಲೆ ಏನು ಇತ್ತು ಎಂದು ಹೇಳಲು ಹೊರಟ, ನಿನ್ನ ಭಾವ ಕೈ ಎತ್ತಿ ನಿಲ್ಲಿಸಿದರು. ಟೀ ಮುಗಿಸಿ ಬೇಯ್ಶೆನಾಲಿ ಎದ್ದು ಹೋದ. ಯಾರಿಗೂ ಹೇಳುವುದಿಲ್ಲ ಎಂದು ನಾವು ಕೇಳದೆಯೇ ಆಣೆ ಇಟ್ಟು ಹೋದ. ಇದುವರೆಗೂ ಹೇಳಿಲ್ಲ.

ನಾನು ಹಾಜಿ ಚಿರತೆ ಎಂದು ಬರೆದದ್ದು ನೆನಪಾಗಿ ಮುಖ ಮುಚ್ಚಿಕೊಂಡೆ. ಆ ಉಬ್ಬರದ ಕುರಿ ನೆನಪಾಯಿತು. ಅದರ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ.

ಮರುದಿನ ಚರ್ಮದವನು ಬರುವುದಿತ್ತು. ಬೆಳಿಗ್ಗೆಯೇ ನಾನು ಹೋಗಿ ದೊಡ್ಡಿಯ ಅಗುಳಿಗೆ ಕೈ ಹಾಕಿದೆ.

“ಬಿಡ್ತೀಯಾ?” ಎಂದರು ನಿನ್ನ ಭಾವ.

“ಬಿಡ್ತೀನಿ. ಕಳಿಸೋಕೆ ಜಾಗ ಇಲ್ಲ. ಕೊಲ್ಲೋಕೆ ನನಗೆ ಮನಸ್ಸಿಲ್ಲ.”

“ಮತ್ತೆ ಬರುತ್ತೆ.”

“ಬಂದ್ರೆ ಬರ್ಲಿ. ನೀವು ಕಿಂಡಿಗೆ ತಂತಿ ಹೊಡೀರಿ.”

ನೀನು ಬರೆದ ಹಾಗೇ ಮಾಡಿದೆವು. ಬೋಯ್ನೋಕನ್ನು ಮನೆಯೊಳಗೆ ಕಟ್ಟಿ, ಬಾಗಿಲು ಪೂರ್ತಿ ತೆರೆದು, ಗೋಡೆಗೆ ಒರಗಿ ನಿಂತೆವು. ಬಹಳ ಹೊತ್ತು ಬರಲಿಲ್ಲ. ನಿನ್ನ ಭಾವನಿಗೆ ಕೆಮ್ಮು ಬಂತು, ಟೋಪಿಯನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ತಲೆ ಕಾಣಿಸಿತು. ಓಡುತ್ತದೆ ಎಂದುಕೊಂಡಿದ್ದೆ. ಓಡಲಿಲ್ಲ. ಮೈಯೆಲ್ಲ ಕುರಿಯ ಹಿಕ್ಕೆ ಮೆತ್ತಿಕೊಂಡಿತ್ತು, ಒಂದು ಕಾಲು ಎಳೆಯುತ್ತಿತ್ತು. ನಡೆದುಕೊಂಡೇ ಅಂಗಳ ದಾಟಿತು. ಬೇಲಿಯ ಹತ್ತಿರ ಕೂತು ಸುಧಾರಿಸಿಕೊಂಡಿತು. ಮತ್ತೆ ಎದ್ದು ಗುಡ್ಡ ಹತ್ತಿತು. ನಮ್ಮನ್ನು ತಿರುಗಿ ನೋಡಲಿಲ್ಲ. ಏಕೆ ನೋಡಬೇಕು?

ಚರ್ಮದವನ ಕಾರು ಬಂದಾಗ ಚೊಯ್ಬೆಕ್ ಕೂಗಾಡಿದ. ನಿನ್ನ ಭಾವ, “ನನ್ನ ಕುರಿ ತಿಂದಿದ್ದು, ನನ್ನ ಬಾಗಿಲಲ್ಲಿ ಹೋಯ್ತು. ನಿಂಗೇನು ಲೆಕ್ಕ ಕೊಡ್ಬೇಕು?” ಎಂದರು. ಇನ್ನೂ ಯಾರೂ ನಮ್ಮ ಮನೆಗೆ ಬಂದಿಲ್ಲ. ಬರುತ್ತಾರೆ ಬಿಡು, ನಾಳೆ ಯಾರದಾದರೂ ಹಸು ಈಯುವಾಗ ನನ್ನ ಕೈ ಬೇಕಾಗುತ್ತದೆ.

ಈ ಲಾರಿಯಲ್ಲಿ ಬರುವುದು ಕೊಬ್ಬಿದ ಕುರಿ. ನಿನ್ನೆ ಹಗಲು ನಿನ್ನ ಭಾವ ಕೈಕಾಲು ತೊಳೆದು ಬಿಸ್ಮಿಲ್ಲಾ ಹೇಳಿ ಕೊಯ್ದರು. ತಲೆ, ಶ್ವಾಸಕೋಶ ಇಟ್ಟಿಲ್ಲ. ಪಕ್ಕೆ, ತೊಡೆ, ಬಾಲದ ಕೊಬ್ಬು ಇದೆ. ಮೊದಲು ಬುರುಲ್ಚಾಗೆ ಸಾರು ಮಾಡಿ ಕುಡಿಸು. ಬಾಲದ ಕೊಬ್ಬು ಒಂದು ಚೂರು ಹಾಕು, ಜಾಸ್ತಿ ಬೇಡ, ಬಹಳ ದಿನ ಹಸಿದ ಹೊಟ್ಟೆಗೆ ಆಗುವುದಿಲ್ಲ.

ಕುಮುಶ್ ಹೇಗಿದ್ದಾಳೆ ಎಂದು ಇನ್ನು ಕೇಳುವುದಿಲ್ಲ. ನೀನೂ ಬರೆಯಬೇಡ. ಬರೆಯಬೇಕು ಎನ್ನಿಸಿದರೆ ಬರೆ.

ಮಾರ್ಚಿ ಕೊನೆಗೆ ಕುರಿಗಳು ಈಯಲು ಶುರು ಮಾಡುತ್ತವೆ. ಉಳಿದಿರುವುದು ಸ್ವಲ್ಪವೇ, ಆದರೂ ನಮ್ಮಿಬ್ಬರ ಕೈಲಿ ಆಗುವುದಿಲ್ಲ. ನಿನ್ನ ಭಾವನಿಗೆ ಬಗ್ಗಲು ಬರುವುದಿಲ್ಲ. ಬುರುಲ್ಚಾ ಅಡುಗೆ ನೋಡಿಕೊಂಡರೆ ನನ್ನ ಸೊಂಟ ಉಳಿಯುತ್ತದೆ. ಕರುಣೆಗೆ ಕರೆಯುತ್ತಿಲ್ಲ. ಕೆಲಸವಿದೆ, ಬನ್ನಿ.

ನಿನ್ನ ಅಕ್ಕ


ಕೋಕ್-ಜೇಕ್
೧೧ ಮಾರ್ಚ್ ೧೯೯೬

ಅಕ್ಕಾ,

ಒಂದು ತಿಂಗಳಿಂದ ಈ ಕಾಗದ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ.

ಕುಮುಶ್ ನವೆಂಬರಿನ ಕೊನೆಯಲ್ಲಿ ಹೋದಳು. ಹಸಿವಿನಿಂದ ಅಲ್ಲ. ನೀನು ಕಳಿಸಿದ್ದು ಅವಳಿಗೆ ಸಾಕಾಗುತ್ತಿತ್ತು. ವಯಸ್ಸಾಗಿತ್ತು, ಚಳಿ ಇತ್ತು. ಬೆಳಿಗ್ಗೆ ಹೋದಾಗ ಹಲಗೆಯ ಮೇಲೆ ಬಾಲ ಸುತ್ತಿಕೊಂಡು ಮಲಗಿದ್ದಳು. ಕರೆದೆ, ಕಿವಿ ಅಲುಗಲಿಲ್ಲ. ನಿರ್ದೇಶಕರಿಗೆ ಗೊತ್ತಾಗುವ ಮೊದಲೇ ಕೈಗಾಡಿಯಲ್ಲಿ ಹಾಕಿಕೊಂಡು ಸರೋವರದ ದಂಡೆಗೆ ಒಯ್ದೆ. ನೆಲ ಕಲ್ಲಾಗಿತ್ತು. ಹಳೆಯ ಟೈರು ಸುಟ್ಟು ನೆಲ ಮೆತ್ತಗೆ ಮಾಡಿ ತೋಡಿದೆ, ಬುರುಲ್ಚಾ ಮಣ್ಣು ಎಳೆದಳು. ಆಮೇಲೆ ನಿರ್ದೇಶಕರು, “ತೊಗಲೆಲ್ಲಯ್ಯಾ?” ಎಂದು ಕೇಳಿದರು. “ಬೇಲಿ ಹಾರಿ ಹೋದಳು ಸಾರ್” ಎಂದೆ. ಅಂದಿಗೆ ನನ್ನ ಕೆಲಸ ಹೋಯಿತು.

ಮಾರನೆಯ ದಿನ ನಿನ್ನ ಗೋಣಿ ಬಂತು. ಬುರುಲ್ಚಾ ಕೆಲಸ ಕಳೆದುಕೊಂಡು ಬೇಸಿಗೆಯಿಂದಲೇ ಮನೆಯಲ್ಲಿದ್ದಳು. ಗೋಣಿಯನ್ನು ಬಾಗಿಲಲ್ಲಿಟ್ಟು ಇಬ್ಬರೂ ನೋಡುತ್ತಾ ಕೂತೆವು. ‘ವಾಪಸ್ಸು ಕಳಿಸ್ರಿ’ ಎಂದಳು. ಕಳಿಸುತ್ತೇನೆ ಎಂದೆ. ಲಾರಿ ಹೊರಟುಹೋಗಿತ್ತು. ಕೊಯ್ದದ್ದೋ ಸತ್ತದ್ದೋ ಗೊತ್ತಿರಲಿಲ್ಲ, ಸಂಜೆ ಅವಳೇ ಪಾತ್ರೆ ಇಟ್ಟಳು. ಜೀವ ಉಳಿಸಿಕೊಳ್ಳಲು ತಿಂದರೆ ಪಾಪವಿಲ್ಲ ಎಂದು ಮುಲ್ಲಾ ಹೇಳುತ್ತಿದ್ದರಂತೆ, ಅದನ್ನೇ ಹೇಳಿಕೊಳ್ಳುತ್ತಾ ಕಲಕಿದಳು. ನನಗೆ ಮುಲ್ಲಾನ ನೆನಪಾಗಲಿಲ್ಲ. ಭಾವ ಕಮರಿಗೆ ಇಳಿಯುವುದು ಕಣ್ಣಿಗೆ ಬಂತು.

ನಿನಗೆ ಹೇಳಬಹುದಿತ್ತು. ಚಿರತೆಗೆ ಹಸಿವು ಎಂದು ಬರೆಯುವುದು ಸುಲಭವಿತ್ತು ಅಕ್ಕಾ. ಅಷ್ಟೇ.

ಭಾವ ಕೊಯ್ದ ಕುರಿ ಬಂದ ದಿನ ಬುರುಲ್ಚಾ ಸಾರಿನ ಬಟ್ಟಲು ಹಿಡಿದುಕೊಂಡು ಅತ್ತಳು. ಈಗ ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ಕುರುಡು ಹದ್ದನ್ನು ಒಬ್ಬ ಬೇಟೆಗಾರ ಮುದುಕ ಒಯ್ದ, ಅವನ ಮನೆಯಲ್ಲಿ ಅದಕ್ಕೆ ಜಾಗವಿದೆಯಂತೆ. ಕಾಡುಮೇಕೆಗಳೂ ಬೇಲಿ ಹಾರಿದವು. ಇಲ್ಲಿ ನನ್ನನ್ನು ಕಾಯುವ ಪ್ರಾಣಿ ಇನ್ನು ಯಾವುದೂ ಇಲ್ಲ.

ಗುರುವಾರ ಬೇಯ್ಶೆನಾಲಿ ಹೊರಡುತ್ತಾನೆ, ಅವನ ಜೊತೆ ಬರುತ್ತೇವೆ. ನಿನ್ನೆಯಿಂದ ಬುರುಲ್ಚಾ ಗಂಟು ಕಟ್ಟುತ್ತಾಳೆ, ಬಿಚ್ಚುತ್ತಾಳೆ. ಅವಳಿಗೆ ನಿಮ್ಮ ಮುಖ ನೋಡುವ ಯೋಚನೆ.

“ಬಾಗ್ಲಲ್ಲಿ ಅವ್ರಿಬ್ರೂ ನಿಂತಿರ್ತಾರೆ. ಮೊದ್ಲು ಏನಂತ ಹೇಳೋದು ರೀ?” ಎಂದು ಕೇಳಿದಳು.

“ಹಸಿವಾಗ್ತಿದೆ ಅಂತ ಹೇಳೋಣ” ಎಂದೆ.

ಕೆರ್ಮೆಬೆಕ್